ಬಲಗಡೆಯ ಹೂ

ಆಸ್ಪತ್ರೆ ಗೇಟಿನ ಹೊರಗೆ, ಎಚ್.ಡಿ. ಕೋಟೆ
ಮೇ ೨೦೨೧, ಭಾನುವಾರ ಮಧ್ಯಾಹ್ನ

ನನ್ನ ಯಜಮಾನರಿಗೆ ಮಂಗಳ ಮಾಡುವ ನಮಸ್ಕಾರಗಳು.

ಫೋನಿನಲ್ಲಿ ಎರಡು ಮಾತಾಡಿದರೆ ನಿಮಗೆ ಕೆಮ್ಮು ಹತ್ತುತ್ತದೆ, ಕನ್ನಡಕ ಬೇರೆ ಬೀಚನಹಳ್ಳಿಯ ಮನೆಯಲ್ಲೇ ಉಳಿದಿದೆ. ಅದಕ್ಕೇ ಈ ಕಾಗದ ಬರೆದು ನರ್ಸ್ ಸಂಘಮಿತ್ರ ಅವರ ಕೈಗೆ ಕೊಡುತ್ತಿದ್ದೇನೆ, ಓದಿ ಹೇಳುತ್ತಾರೆ. ಆಕ್ಸಿಜನ್ ಮಾಸ್ಕ್ ತೆಗೆದು ಜಗಳಕ್ಕೆ ಬರಬೇಡಿ. ಮದುವೆಯಾದ ಮೇಲೆ ಇದೊಂದು ದಿನವಾದರೂ ನನ್ನ ಮಾತನ್ನು ಬಾಯಿ ಮುಚ್ಚಿಕೊಂಡು ಕೇಳಿ.

ಡಾಕ್ಟರು ಹೇಳಿದ ಹೊಸ ಔಷಧಕ್ಕೆ ನೀವು ಸಹಿ ಹಾಕಲಿಲ್ಲವಂತೆ. "ತುರ್ತು ಪರ್ಮಿಶನ್ನು ಅಂದ್ರೆ ಇನ್ನೂ ಪೂರ್ತಿ ಪರೀಕ್ಷೆ ಆಗಿಲ್ಲ ಅಂತ ತಾನೆ? ನಾನೇನ್ ಇಲಿಯಾ? ಮಾರಮ್ಮನ್ ತಾವ ಊವ ಕೇಳ್ಕೊಂಡ್ ಬಾ ಅನ್ನಿ ಅವಳ್ಗೆ, ಬಲಕ್ ಕೊಟ್ರೆ ಆಕುಸ್ಕತೀನಿ" ಅಂದಿರಂತೆ. ನಿಮ್ಮ ಅನುಮಾನ ತಪ್ಪಲ್ಲ. ನಾನೂ ಡಾಕ್ಟರನ್ನು ಬಿಡದೆ ಕೇಳಿದೆ. ಪರೀಕ್ಷೆ ಇನ್ನೂ ನಡೆಯುತ್ತಿದೆ, ಇಲ್ಲಿಯವರೆಗೆ ಸಿಕ್ಕ ಫಲಿತಾಂಶ ನೋಡಿ ಸರ್ಕಾರ ಒಪ್ಪಿದೆ, ಗುಣವಾಗೇ ಆಗುತ್ತದೆ ಅಂತ ಬರೆದುಕೊಡಲಾರೆ ಎಂದರು. ಆದರೆ ಇವತ್ತು ಕೊಡದೆ ನಾಳೆ ಕೊಟ್ಟರೆ ಪ್ರಯೋಜನವಿಲ್ಲವಂತೆ. ಡ್ಯಾಮಿನಲ್ಲಿ ನೀರು ಏರಿದಾಗ ನೀವು ಕಡತ ಬರುವ ತನಕ ಕಾಯುತ್ತೀರಾ? ಮೇಲಿನವರ ಒಂದು ಫೋನಿಗೇ ಗೇಟು ಎತ್ತುವುದಿಲ್ಲವೇ? ಇದೂ ಹಾಗೆಯೇ ಅಂದುಕೊಳ್ಳಿ.

ನೀವು ಹೇಳಿದಂತೆ ಹೂವನ್ನೂ ಕೇಳಿಬಂದೆ. ಲಾಕ್‌ಡೌನ್ ಅಂತ ಗುಡಿಗೆ ಬೀಗ ಹಾಕಿದ್ದರೂ ಪೂಜಾರಿ ಅಂಕಯ್ಯನವರು ನನ್ನ ಗೋಳು ನೋಡಲಾರದೆ ಬಾಗಿಲು ತೆಗೆದರು. ನಿಮ್ಮ ಅಣ್ಣ ಮಾದೇವ ಭಾವನವರೂ ಜೊತೆಗಿದ್ದರು. ಮಾರಮ್ಮನ ಎರಡು ಭುಜಕ್ಕೂ ಒದ್ದೆ ಕಣಗಿಲೆ ಅಂಟಿಸಿ ಬೇಡಿಕೊಂಡೆವು. ಬಲಭುಜದ ಹೂವೇ ಮೊದಲು ಉದುರಿತು, ತಾಯಿ ಬಲಕ್ಕೇ ಕೊಟ್ಟಳು. ಆ ಹೂ ಈ ಕಾಗದದೊಳಗೇ ಇದೆ, ಕಣ್ಣಿಗೊತ್ತಿಕೊಂಡು ಸಹಿ ಹಾಕಿ.

ಪದ್ಮಶ್ರೀ ಅಪ್ಪನ ಧ್ವನಿ ಕೇಳಬೇಕು ಅಂತ ಅಳುತ್ತಾಳೆ. ಮಗಳ ಮಾತು ಹಾಗಿರಲಿ, ನನಗೆ ನೀವು ಬೇಕು. ಹೆದರಿಕೆಯಾಗುತ್ತಿದೆ. ಬೇಗ ಸಹಿ ಹಾಕಿ.

ಇಲ್ಲೇ ಗೇಟಿನಲ್ಲಿ ಕಾದು ಕೂತಿರುವ,
ನಿಮ್ಮ ಮಂಗಳಮ್ಮ

(ಹಾಳೆಯ ಹಿಂಬದಿಯಲ್ಲಿ)

ತಾ.ಕ.: ಸಂಘಮಿತ್ರ ಸಿಸ್ಟರ್, ಈ ಹಿಂಬದಿಯದನ್ನು ಅವರಿಗೆ ಓದಬೇಡಿ. ತಾಯಿ ಕೊಟ್ಟದ್ದು ಎಡಕ್ಕೆ. ಇನ್ನೊಂದು ಸಲ ಕೇಳಿಸಿದೆ, ಆಗಲೂ ಎಡಕ್ಕೇ. "ಬುಡು ಮಂಗಳವ್ವ, ಬ್ಯಾಡ ಅಂತಾವ್ಳೆ" ಅಂತ ಅಂಕಯ್ಯನವರು ಆರತಿ ತಟ್ಟೆಗೆ ತಿರುಗಿದಾಗ ನಾನೇ ಒಳಗೆ ಕೈ ಚಾಚಿ ಬಲಭುಜದ ಹೂ ಕಿತ್ತುಕೊಂಡೆ. ಭಾವ ನೋಡಿಬಿಟ್ಟರು. ತಮ್ಮನಿಗೆ ನಿಜ ಹೇಳುತ್ತೇನೆ ಅಂತ ಬೈಕು ಹತ್ತಿದ್ದಾರೆ, ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಪೊಲೀಸರು ತಡೆದಿದ್ದಾರಂತೆ. ಮಾರಮ್ಮ ಹೇಳಿದ್ದೇ ನಿಜವಾದರೆ ನನ್ನ ಗಂಡನನ್ನು ಕೊಂದವಳು ನಾನೇ ಆಗುತ್ತೇನೆ. ಆದರೂ ಮುಂಬದಿಯದನ್ನು ಓದಿ ಹೇಳಿ ಸಿಸ್ಟರ್, ಭಾವ ಬರುವುದರೊಳಗೆ.