ಟುಡೊರೆಲ್ ಬರೆದಿಟ್ಟ ಪಟ್ಟಿ

3 ಅಕ್ಟೋಬರ್ 2023, ಮಂಗಳವಾರ. ಬ್ರಾಯಿಲಾ.

ಔಷಧದಂಗಡಿಯ ಕೆಲಸ ಮುಗಿಸಿ ಎರಡೂವರೆಗೆ ಮನೆಗೆ. ಹುರುಳಿಕಾಯಿ ಸಾರು, ನಿನ್ನೆಯದೇ. ನನ್ನ ಗಂಡ ಟುಡೊರೆಲ್ ತೀರಿಕೊಂಡು ನವೆಂಬರ್ ಒಂಬತ್ತಕ್ಕೆ ವರ್ಷ. ವರ್ಷದ ದಾನ ಹನ್ನೊಂದರ ಶನಿವಾರ. ಚರ್ಚಿನಲ್ಲಿ ಹೆಸರು ಬರೆಸಿ ಬಂದಾಗಿದೆ.

ಕಾಫಿ ಡಬ್ಬಿ ಇಳಿಸಿದೆ. ರಬ್ಬರ್ ಬ್ಯಾಂಡ್ ಸುತ್ತಿದ ನೋಟು, ನಾಲ್ಕು ಸಾವಿರ ಲೆಯ್. ಜೊತೆಗೆ ಟ್ರಾಮ್ ಡಿಪೋದ ಡ್ಯೂಟಿ ಚೀಟಿಯ ಹಿಂಬದಿಯಲ್ಲಿ ಅವನ ಕೈಬರಹ — ಆಟ ಆಡಲು ಹೊಸ ಕಂಪ್ಯೂಟರಿಗೆ ಎಂಟು ಬಿಡಿಭಾಗ, ಎದುರಿಗೆ ಬೆಲೆ. ಕೂಡಿಸಿದರೆ ಸರಿಯಾಗಿ ನಾಲ್ಕು ಸಾವಿರ. ಮೂರು ವರ್ಷ ಕೂಡಿಟ್ಟ. ಕೊಳ್ಳಬೇಕಾಗಿದ್ದ ವಾರವೇ ಎದೆ ಹಿಡಿದುಕೊಂಡ.

ನಲವತ್ತನೆಯ ದಿನ ಅಂಗಿ, ಬೂಟು, ತಟ್ಟೆ, ಹಾಸಿಗೆ ಎಲ್ಲ ಕೊಟ್ಟಾಯಿತು. ಇಲ್ಲಿ ಕೊಟ್ಟದ್ದು ಅಲ್ಲಿ ಅವನ ಕೈಸೇರುತ್ತದೆ ಎನ್ನುತ್ತಾರೆ. ನಾನು ನಂಬುತ್ತೇನೋ ಇಲ್ಲವೋ — ಅದು ಪಕ್ಕಕ್ಕಿರಲಿ. ಆದರೆ ಒಂದು ಚಿತ್ರ ಕಣ್ಣಿನಿಂದ ಹೋಗುವುದಿಲ್ಲ. ಹೊಸ ಬೂಟು ಹಾಕಿಕೊಂಡು ಹಾಸಿಗೆಯ ತುದಿಯಲ್ಲಿ ಕೂತಿದ್ದಾನೆ. ವರ್ಷದಿಂದ. ಆಡಲು ಏನೂ ಇಲ್ಲ.

ಕಂಪ್ಯೂಟರನ್ನೇ ಕೊಡುವುದು. ನನ್ನದೊಂದು ಲೆಯ್ ಕೂಡ ಸೇರಬಾರದು. ಅವನ ಹಣದಲ್ಲೇ ಆಗಬೇಕು.

5 ಅಕ್ಟೋಬರ್

ಪಾದ್ರಿ ಗಾವ್ರಿಲ್ ಹತ್ತಿರ ಹೋಗಿದ್ದೆ. ಕೇಳಲು ನಾಚಿಕೆ. ಮೊದಲು ದಾನದ ದಿನದ ಗೋಧಿ ಸಿಹಿಯ ವಿಷಯ, ಎಷ್ಟು ಮೇಣದಬತ್ತಿ, ಎಷ್ಟು ರೊಟ್ಟಿ... ಕೊನೆಗೆ ಬಾಗಿಲಲ್ಲಿ ನಿಂತು ಕೇಳಿದೆ.

“ಆಟ ಆಡೋ ಕಂಪ್ಯೂಟರಾ? ಕೊಡಿ ಔರಿಕಾ ಅಮ್ಮ, ಅದಕ್ಕೇನು. ಹೋದ ವರ್ಷ ಒಬ್ಬರು ಮೊಪೆಡ್ಡೇ ಕೊಟ್ಟರು. ಪೆಟ್ರೋಲ್ ಹಾಕಿಸಬೇಕಾ ಬೇಡ್ವಾ ಅಂತ ಅಣ್ಣತಮ್ಮಂದಿರು ಇಲ್ಲೇ ಜಗಳ ಆಡಿದ್ರು.”

“ಹಾಕಿಸಿದರಾ?”

“ಅರ್ಧ ಟ್ಯಾಂಕು. ನೀವು ದಾನಕ್ಕೆ ಹಚ್ಚೋ ಮೇಣದಬತ್ತಿ ಮಾತ್ರ ದೂರ ಇಡಿ, ಪ್ಲಾಸ್ಟಿಕ್ ಕರಗುತ್ತೆ. ತಗೊಳ್ಳೋರು ಯಾರು?”

ಅದು ಮೊದಲೇ ನಿಶ್ಚಯ. ತೆಗೆದುಕೊಳ್ಳುವವನು ಸತ್ತವನ ವಯಸ್ಸಿನ ಗಂಡಸಾಗಿರಬೇಕು. ಅರವತ್ತರ ಗಂಡಸರಲ್ಲಿ ಆಟ ಆಡುವವನು ಇಡೀ ಊರಿಗೆ ಒಬ್ಬನೇ — ಲಾಂಬೆ. ಟ್ರಾಮ್ ಡಿಪೋದಲ್ಲಿ ಮೂವತ್ತು ವರ್ಷ ಚಕ್ರ ರಿಪೇರಿ ಮಾಡಿದವನು. ಅವನು ಅವನ ಮನೆಯಲ್ಲಿ, ಟುಡೊರೆಲ್ ಇಲ್ಲಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ವಾರಕ್ಕೆ ನಾಲ್ಕು ಸಂಜೆ ಇಬ್ಬರೂ ಒಂದೇ ಯುದ್ಧ ಮಾಡುತ್ತಿದ್ದರು.

9 ಅಕ್ಟೋಬರ್

ನನ್ನಿಂದ ತಪ್ಪಾಯಿತು.

ಇಂಟರ್ನೆಟ್ಟಿನಲ್ಲಿ ಕ್ಲುಜ್ ಊರಿನವನೊಬ್ಬ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಮಾರುತ್ತಿದ್ದ. ಎರಡು ವರ್ಷ ಬಳಸಿದ್ದು, ಹೊಸದರ ಅರ್ಧ ಬೆಲೆ. ತೆಗೆದುಕೊಳ್ಳುತ್ತೇನೆ ಎಂದು ಹೇಳಿಬಿಟ್ಟಿದ್ದೆ. ಟುಡೊರೆಲ್‌ನ ಅಕ್ಕ ಫಿರುತ್ಸಾ ಬಂದಾಗ ಖುಷಿಯಲ್ಲಿ ಬಾಯಿಬಿಟ್ಟೆ.

“ಸೆಕೆಂಡ್ ಹ್ಯಾಂಡಾ? ನಿನ್ನ ತಲೆ ನೆಟ್ಟಗಿದೆಯಾ? ಅದು ನನ್ನ ತಮ್ಮನಿಗೆ ಹೇಗೆ ಮುಟ್ಟುತ್ತೆ? ಯಾರು ಬಳಸಿದ್ನೋ ಅವನಿಗೇ ಹೋಗಿ ಸೇರುತ್ತೆ.”

“ಅವನಿನ್ನೂ ಬದುಕಿದ್ದಾನಲ್ಲ ಅಕ್ಕ.”

“ಬದುಕಿದ್ರೆ ಕಾಯುತ್ತೆ. ಅಲ್ಲಿ ಅವಸರ ಯಾರಿಗಿದೆ? ನಮ್ಮಮ್ಮ ಅಪ್ಪನ ಹೆಸರಲ್ಲಿ ಪಕ್ಕದ ಮನೆಯವರ ಹಳೇ ಬಕೆಟ್ ಕೊಟ್ಟು ಏನಾಯ್ತು? ಮೂರು ರಾತ್ರಿ ಕನಸಲ್ಲಿ ಬಂದು ನೀರು ನೀರು ಅಂದ. ಹೊಸ ಬಕೆಟ್ ಕೊಟ್ಟ ಮೇಲೇ ಸುಮ್ಮನಾಗಿದ್ದು.”

ಕ್ಲುಜ್‌ನವನಿಗೆ ಫೋನ್ ಮಾಡಿದೆ. ಬೆಲೆ ಜಾಸ್ತಿಯಾಯಿತೇ ಎಂದು ಕೇಳಿದ. ಇಲ್ಲ, ದಾನಕ್ಕೆ ಬೇಕಿತ್ತು, ಹೊಸದೇ ಆಗಬೇಕಂತೆ ಎಂದೆ. “ನಮ್ಮಜ್ಜಿನೂ ಹಾಗೇ ಹೇಳ್ತಿದ್ರು. ಪರವಾಗಿಲ್ಲ ಬಿಡಿ. ದೇವರು ತೀರಿಕೊಂಡವರನ್ನ ಮನ್ನಿಸಲಿ,” ಎಂದ.

ಯಾರ ಮಗನೋ. ಒಳ್ಳೆಯವನು.

12 ಅಕ್ಟೋಬರ್, ಗುರುವಾರ

ಮಾರುಕಟ್ಟೆಯ ಹಿಂದಿನ ಕಂಪ್ಯೂಟರ್ ಅಂಗಡಿ. ಮಾಲೀಕನ ಹೆಸರು ಚೆಜಾರ್, ನಲವತ್ತು ದಾಟಿದೆ, ಎದುರಿಗೆ ಸೂರ್ಯಕಾಂತಿ ಬೀಜದ ಪೊಟ್ಟಣ. ಪಟ್ಟಿ ಕೊಟ್ಟೆ. ಓದುತ್ತಾ ಬೀಜ ಸುಲಿಯುವುದನ್ನು ನಿಲ್ಲಿಸಿದ.

“ಇದು ಯಾರು ಬರೆದದ್ದು ಮೇಡಂ?”

“ನನ್ನ ಗಂಡ.”

“ಆಟಕ್ಕೇನಾ?”

“ಆಟಕ್ಕೇ.”

“ಮದುವೆ ದುಡ್ಡೆಲ್ಲ ಚಪ್ಪರಕ್ಕೆ ಸುರಿದು ಊಟಕ್ಕೆ ಉಪ್ಪಿನಕಾಯಿ ಮಾತ್ರ ಹಾಕಿದ ಹಾಗಿದೆ.”

ವಿವರಿಸಿದ. ಆಟದ ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್. ಹಣ ಹೋಗಬೇಕಾದ್ದು ಅಲ್ಲಿಗೆ. ಟುಡೊರೆಲ್ ಅದಕ್ಕೆ ಇಟ್ಟದ್ದು ಸಾವಿರದ ಮುನ್ನೂರು. ಪ್ರೊಸೆಸರ್, ಮದರ್‌ಬೋರ್ಡ್, ಮೆಮೊರಿ, ಡಿಸ್ಕ್ ಎಲ್ಲ ಸರಿಯಾಗಿವೆ, ಜಾಣತನದಿಂದ ಆರಿಸಿದ್ದಾನೆ. ಉಳಿದ ಮೂರೇ ವಿಚಿತ್ರ — ಒಳಗೆಲ್ಲ ಸ್ಪಂಜು ಹೊದಿಸಿದ ಕ್ಯಾಬಿನೆಟ್, ಫ್ಯಾನ್ ತಿರುಗಿದರೂ ಕೇಳಿಸದ ಪವರ್ ಸಪ್ಲೈ, ಇಟ್ಟಿಗೆ ಗಾತ್ರದ ಕೂಲರ್.

“ಈ ಮೂರನ್ನೂ ಸಾದಾ ಹಾಕಿದ್ರೆ ಆರುನೂರ ಮೂವತ್ತು ಉಳಿಯುತ್ತೆ. ಅದನ್ನ ಕಾರ್ಡಿಗೆ ಹಾಕಿದ್ರೆ ಅದು ಕುದುರೆ. ಈಗ ಇರೋದು ಕತ್ತೆ. ಸದ್ದು ಮಾಡದ ಕತ್ತೆ. ಯಜಮಾನ್ರು ಹಾಡು ಗೀಡು ರೆಕಾರ್ಡ್ ಮಾಡ್ತಿದ್ರಾ?”

“ಟ್ರಾಮ್ ಓಡಿಸ್ತಿದ್ದ.”

“ಹಾಗಾದ್ರೆ ಸದ್ದು ಅಭ್ಯಾಸ ಇರಬೇಕಲ್ಲ!”

ಯೋಚಿಸಿ ಹೇಳುತ್ತೇನೆ ಎಂದು ಪಟ್ಟಿ ತೆಗೆದುಕೊಂಡು ಬಂದೆ. ಟುಡೊರೆಲ್ ಲೆಕ್ಕ ತಪ್ಪುವವನಲ್ಲ. ಒಂದು ಜೊತೆ ಕಾಲುಚೀಲಕ್ಕೂ ನಾಲ್ಕು ಅಂಗಡಿ ತಿರುಗುತ್ತಿದ್ದ. ಆರುನೂರ ಮೂವತ್ತನ್ನು ಸುಮ್ಮನೆ ಎಸೆಯುವುದೆಂದರೆ —

ಗೊತ್ತಾಗಲಿಲ್ಲ.

21 ಅಕ್ಟೋಬರ್, ಶನಿವಾರ

ಲಾಂಬೆ ಬಂದಿದ್ದ. ಉಪ್ಪಿನಲ್ಲಿ ಹಾಕಿದ ಮೆಣಸಿನಕಾಯಿಯ ಜಾಡಿ ತಂದಿದ್ದ. ಡಿಪೋ ಅವನ ಕಿವಿ ತಿಂದುಹಾಕಿದೆ. ಮಾತಾಡಿದರೆ ಮೇಲಿನ ಮಹಡಿಗೂ ಕೇಳಿಸುತ್ತದೆ. ದಾನದ ವಿಷಯ ಹೇಳಿದೆ. ಬಹಳ ಹೊತ್ತು ಟೋಪಿಯನ್ನು ಮಡಚುತ್ತಾ ಬಿಚ್ಚುತ್ತಾ ಕೂತ.

“ನನಗ್ಯಾಕೆ ಅತ್ತಿಗೇ, ಅಷ್ಟು ದೊಡ್ಡದು. ಒಂದು ಟವೆಲ್ ಕೊಟ್ಟಿದ್ರೆ ಸಾಕಾಗಿತ್ತು.”

“ಟವೆಲ್ಲಿನ ಜೊತೆ ಅವನು ಆಡೋದು ಹೇಗೆ?”

ನಕ್ಕ. ಕಣ್ಣೊರೆಸಿಕೊಂಡ. ಆಗ ಪಟ್ಟಿ ತೋರಿಸಿ ಆ ಮೂರು ಸಾಮಾನಿನ ವಿಷಯ ಕೇಳಿದೆ. ನನ್ನ ಮುಖವನ್ನೇ ನೋಡಿದ.

“ನಿಮಗೆ ನಿಜವಾಗ್ಲೂ ಗೊತ್ತಿಲ್ವಾ?”

“ಏನು?”

“ನಾಲ್ಕು ವರ್ಷ ಅತ್ತಿಗೆ, ನಾಲ್ಕು ವರ್ಷ ಆಟದಲ್ಲಿ ಒಂದೇ ಸೇತುವೆ! ಅದನ್ನ ದಾಟಿದ್ರೆ ಕೋಟೆ ನಮ್ಮದು. ಒಂದ್ಸಲಾನೂ ದಾಟ್ಲಿಲ್ಲ. ಸೇತುವೆ ಮೇಲೆ ಜನ ಜಾಸ್ತಿ, ಬೆಂಕಿ, ಹೊಗೆ. ಅವನ ಹಳೇ ಡಬ್ಬ ಬಿಸಿಯಾಗಿ ಫ್ಯಾನು ಕಿರುಚಿಕೊಳ್ತಿತ್ತು. ಆಗ ನೀವು ಪುಸ್ತಕದಿಂದ ತಲೆ ಎತ್ತುತ್ತಿದ್ರಂತೆ. ನೀವು ತಲೆ ಎತ್ತಿದ್ರಿ ಅಂದ್ರೆ ಇವನು ಸೇತುವೆಯಿಂದ ವಾಪಸ್. ‘ಲಾಂಬೆ, ಹಿಂದೆ ಬಾರೋ, ಔರಿಕಾ ಓದ್ತಿದ್ದಾಳೆ’ ಅಂತ ಪಿಸುಗುಟ್ಟೋನು. ನನಗೆ ಪಿಸುಮಾತು ಎಲ್ಲಿ ಕೇಳಿಸ್ಬೇಕು? ಒಬ್ಬನೇ ಮುಂದೆ ಹೋಗಿ ಸತ್ತುಹೋಗ್ತಿದ್ದೆ.”

“ನನಗೆ ಹೇಳಬಹುದಿತ್ತಲ್ಲ.”

“ಹೇಳಿದ್ರೆ ನೀವು ಅಡುಗೆಮನೆಗೆ ಹೋಗಿ ಓದ್ತಿದ್ರಿ. ಅದು ಬೇಡವಾಗಿತ್ತು ಅವನಿಗೆ.”

ಜಾಡಿಯನ್ನು ಕಪಾಟಿನಲ್ಲಿಟ್ಟೆ. ಅವನು ಹೋದ ಮೇಲೆ ಮತ್ತೆ ತೆಗೆದು ಇನ್ನೊಂದು ಕಪಾಟಿನಲ್ಲಿಟ್ಟೆ.

22 ಅಕ್ಟೋಬರ್

ಒಂದೇ ಸಲ ಹೇಳಿದ್ದೆ. ನೆನಪಿದೆ. 2019ರ ಚಳಿಗಾಲ, ಕಿಟಕಿ ಮುಚ್ಚಿತ್ತು, ನಾನೊಂದು ದಪ್ಪ ಕಾದಂಬರಿಯ ಕೊನೆಯ ಅಧ್ಯಾಯದಲ್ಲಿದ್ದೆ. “ಇದೇನು, ಮನೆಯೊಳಗೆ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದೀಯಾ?” ಎಂದೆ. ಜಗಳವಲ್ಲ. ನಗುತ್ತಲೇ ಹೇಳಿದ್ದು.

ಆ ತಿಂಗಳಿನಿಂದಲೇ ಅವನು ಕಾಫಿ ಡಬ್ಬಿಗೆ ಹಾಕತೊಡಗಿದ್ದಿರಬೇಕು.

29 ಅಕ್ಟೋಬರ್, ಭಾನುವಾರ

ವಾರದಿಂದ ಏನೂ ಬರೆದಿಲ್ಲ. ಬರೆಯುವಂಥದ್ದಿರಲಿಲ್ಲ. ಮಾತ್ರೆ ಎಣಿಸುವಾಗ ಎರಡು ಸಲ ತಪ್ಪಿದೆ. ಇಪ್ಪತ್ತೆಂಟು ವರ್ಷದಲ್ಲಿ ಹೀಗಾಗಿರಲಿಲ್ಲ.

ಇವತ್ತು ಮಧ್ಯಾಹ್ನ ಅವನ ಹಳೆಯ ಯಂತ್ರದ ಮೇಲಿನ ಬಟ್ಟೆ ತೆಗೆದು ಒರೆಸಿದೆ. ಸ್ವಿಚ್ಚು ಎಲ್ಲಿದೆ ಎಂದು ಗೊತ್ತಿತ್ತು, ಅಷ್ಟೇ ಗೊತ್ತಿದ್ದದ್ದು. ಹಾಕಿದೆ. ಮೊದಲು ಕೆಮ್ಮು, ಆಮೇಲೆ ಗರ್ರ್ ಎಂದು ಏರಿ ಒಂದೇ ಸಮನೆ ನಿಂತಿತು.

ಒಂದು ವರ್ಷದಿಂದ ಒಂದು ಕಾದಂಬರಿಯನ್ನೂ ಮುಗಿಸಿಲ್ಲ. ಯಾವುದೋ ದೇಶದ್ದು, ಯಾವುದೋ ಊರಿನದ್ದು, ಎಲ್ಲದರಲ್ಲೂ ಇಪ್ಪತ್ತನೆಯ ಪುಟಕ್ಕೆ ನಿಲ್ಲುತ್ತಿದ್ದೆ. ಪುಸ್ತಕದ ದೋಷ, ಅನುವಾದದ ದೋಷ, ಕನ್ನಡಕದ ದೋಷ ಎಂದುಕೊಳ್ಳುತ್ತಿದ್ದೆ. ಇವತ್ತು ನನ್ನ ಕುರ್ಚಿಯಲ್ಲಿ ಕೂತು, ಪಕ್ಕದಲ್ಲಿ ಆ ಸದ್ದು, ಎಂಬತ್ತಾರು ಪುಟ ಓದಿದೆ. ತಲೆ ಎತ್ತಲಿಲ್ಲ.

ಬೇಕೆಂದೇ ಎತ್ತಲಿಲ್ಲ.

4 ನವೆಂಬರ್, ಶನಿವಾರ

ಚೆಜಾರ್ ಅಂಗಡಿ. ಟುಡೊರೆಲ್‌ನ ಪಟ್ಟಿ ಹಾಗೇ ಇರಲಿ, ಒಂದು ಸ್ಕ್ರೂ ಬದಲಾಗಬಾರದು ಎಂದೆ.

“ನಿಮ್ಮ ದುಡ್ಡು, ನಿಮ್ಮ ಇಷ್ಟ ಮೇಡಂ. ಆದ್ರೆ ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದನ್ನ ಬಳಸೋರಿಗೆ ಸದ್ದು ಅಂದ್ರೆ ಆಗಲ್ವಾ?”

“ಅವನಿಗೆ ಕಿವಿ ಮಂದ.”

ಚೆಜಾರ್ ಬೀಜದ ಪೊಟ್ಟಣವನ್ನು ನನ್ನ ಕಡೆಗೆ ತಳ್ಳಿದ. ಎರಡು ಬೀಜ ತೆಗೆದುಕೊಂಡೆ.

“ಈ ಪಟ್ಟಿಗೂ ನಾನು ಹೇಳಿದ್ದಕ್ಕೂ ಬೇಕಾದ ಮಾಲು ನನ್ನ ಹತ್ತಿರ ಇದೆ,” ಎಂದ ಕೊನೆಗೆ. “ಬುಧವಾರ ಬೆಳಿಗ್ಗೆ ಜೋಡಿಸೋಕೆ ಕೂರ್ತೀನಿ. ಅಲ್ಲೀವರೆಗೂ ಮನಸ್ಸು ಬದಲಾಯಿಸಬಹುದು. ಸ್ಕ್ರೂ ಬಿಗಿದ ಮೇಲೆ ಬರಬೇಡಿ.”

ಸಂಜೆ ಫಿರುತ್ಸಾ ಫೋನು. ಅವಳ ತೀರ್ಪು: “ಸತ್ತವನು ಬರೆದಿಟ್ಟದ್ದನ್ನ ತಿದ್ದೋಕೆ ನೀನ್ಯಾರು?” ಲಾಂಬೆಯನ್ನೂ ಕೇಳಿದೆ. ಅವನದೂ ಅದೇ: “ನನ್ನ ಕಿವಿಗೆ ಎರಡೂ ಒಂದೇ ಅತ್ತಿಗೆ. ಅವನು ಪ್ರೀತಿಯಿಂದ ಬರೆದದ್ದು, ಹಾಗೇ ಇರಲಿ.”

ಎಲ್ಲರೂ ಒಪ್ಪಿದ್ದಾರೆ. ನನಗೇ ಏಕೋ ಒಪ್ಪಿಗೆಯಾಗುತ್ತಿಲ್ಲ.

7 ನವೆಂಬರ್, ಮಂಗಳವಾರ. ಸಂಜೆ ಆರು.

ಗೋಧಿ ಆರಿಸಿಟ್ಟೆ. ಶುಕ್ರವಾರ ಬೇಯಿಸುವುದು. ವಾಲ್‌ನಟ್ ಪುಡಿ ಮಾಡಬೇಕು. ದಾನದ ಪದ್ಧತಿಯಂತೆ ಕ್ಯಾಬಿನೆಟ್ಟಿಗೆ ಕಟ್ಟಲು ಬಿಳಿ ಟವೆಲ್ ಇಸ್ತ್ರಿಯಾಯಿತು.

ಹಳೆಯ ಯಂತ್ರ ಓಡುತ್ತಿದೆ. ಅದರ ಪಕ್ಕ ಕೂತು ಬರೆಯುತ್ತಿದ್ದೇನೆ. ಪಟ್ಟಿ ಮುಂದಿದೆ. ಇವತ್ತು ನೆಟ್ಟಗೆ ನೋಡಿದೆ. ಎಂಟು ಸಾಮಾನಿನಲ್ಲಿ ಐದು ಅವನವು. ಮೂರು ನನ್ನವು. ಸ್ಪಂಜಿನ ಪೆಟ್ಟಿಗೆ, ಮೂಕ ಫ್ಯಾನು, ಇಟ್ಟಿಗೆ ಕೂಲರು — ನಾನು ಓದುತ್ತಾ ಪಕ್ಕದಲ್ಲೇ ಇರಲಿ ಎಂದು ಕೊಟ್ಟ ಬೆಲೆ. ಅದನ್ನು ಹಾಗೇ ಕಳಿಸಿದರೆ ಅಲ್ಲಿ ಅವನಿಗೆ ಏನು ಸೇರುತ್ತದೆ? ಮತ್ತದೇ ಸಣ್ಣ ಕಾರ್ಡು. ಮತ್ತದೇ ಸೇತುವೆ. ಪಕ್ಕದ ಕುರ್ಚಿಯಲ್ಲಿ ಯಾರೂ ಇಲ್ಲದಿದ್ದರೂ ಯಾರಿಗೋ ತೊಂದರೆಯಾದೀತೆಂದು ಸದ್ದಡಗಿಸಿಕೊಂಡ ಪೆಟ್ಟಿಗೆ.

ನನ್ನ ಪಾಲು ನನಗೆ ಮುಟ್ಟಿತು. ತಡವಾಗಿ, ಆದರೂ ಮುಟ್ಟಿತು. ಅದನ್ನು ಇನ್ನೊಮ್ಮೆ ಅವನ ಕೈಯಿಂದ ಕೊಡಿಸಬೇಕಾಗಿಲ್ಲ.

ನಾಳೆ ಒಂಬತ್ತಕ್ಕೆ ಚೆಜಾರ್ ಬಾಗಿಲು ತೆರೆಯುವ ಮೊದಲೇ ಅಲ್ಲಿರುವುದು. ಆ ಮೂರನ್ನೂ ಪಟ್ಟಿಯಿಂದ ತೆಗೆಸಿ ಸಾದಾ ಹಾಕಿಸುವುದು. ಆರುನೂರ ಮೂವತ್ತೂ ಕಾರ್ಡಿಗೆ. ಕುದುರೆ. ಒಟ್ಟು ಅದೇ ನಾಲ್ಕು ಸಾವಿರ. ಫಿರುತ್ಸಾಗೆ ದಾನ ಮುಗಿದ ಮೇಲೆ ಹೇಳಿದರಾಯಿತು.

ಅಲ್ಲಿ ಸದ್ದಾಗಲಿ. ಬೇಕಾದಷ್ಟು ಆಗಲಿ. ಈ ಸಲ ಹಿಂದೆ ಬರಬೇಡ ಟುಡೊರೆಲ್, ಸೇತುವೆ ದಾಟು. ನಾನು ಬರುವಷ್ಟರಲ್ಲಿ ಕೋಟೆ ಹಿಡಿದಿರು. ಬಂದ ಮೇಲೆ ನೋಡೋಣ, ನನಗೆ ಈಗ ಸದ್ದಿನಲ್ಲೂ ಓದಲು ಬರುತ್ತದೆ.