ರಸಪುರಿ, ಬಾದಾಮಿ, ಮಲ್ಲಿಕಾ

ರೀ,

ನಿಮ್ಮ ಆಡಿಯೋ ಪ್ಲೇಯರ್ ಸರಿಹೋಯಿತು. ಸ್ಟ್ರೋಕ್ ಆದಮೇಲೆ ಕೋಲಾರದ ಆಸ್ಪತ್ರೆಯ ಮೇಡಂ ನಿಮಗೆಂದು ತುಂಬಿಕೊಟ್ಟ ಮಾತಿನ ಪಾಠಗಳು ಒಂದೂ ಹೋಗಿಲ್ಲ. ರಿಪೇರಿ ಅಂಗಡಿಯವನು "ಎಲ್ಲಾ ಅಳಿಸಲೇಬೇಕು ಮೇಡಮ್ಮೋರೆ" ಅಂದಿದ್ದ. ನಮ್ಮ ಹಳೆಯ ಲಿನಕ್ಸ್ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದರೆ ಫೈಲುಗಳೆಲ್ಲ ಅಲ್ಲೇ ಇದ್ದವು. ಯಾವ ಫೈಲು ಎಲ್ಲಿದೆ ಅನ್ನುವ ಒಳಗಿನ ಪಟ್ಟಿ ಮಾತ್ರ ಕೆಟ್ಟಿತ್ತು. ಅದನ್ನು ಅಳಿಸಿದೆ, ಪ್ಲೇಯರ್ ತಾನೇ ಹೊಸದು ಬರೆದುಕೊಂಡಿತು.

ಇನ್ನು ಮೇಲೆ ಲ್ಯಾಪ್‌ಟಾಪಿನಿಂದ ವೈರು ಹಾಗೇ ಕಿತ್ತು ತೆಗೆಯಬೇಡಿ. ಎಷ್ಟು ಸಲ ಹೇಳಲಿ? ಮೊದಲು ಪರದೆಯ ಮೇಲೆ ಇಜೆಕ್ಟ್ ಒತ್ತಿ. ಪಾಠಗಳ ಇನ್ನೊಂದು ಪ್ರತಿ ಲ್ಯಾಪ್‌ಟಾಪಿನಲ್ಲೂ ಇಟ್ಟಿದ್ದೇನೆ, ವಿಎಲ್‌ಸಿಯಲ್ಲಿ ತೆರೆಯುತ್ತದೆ. ಮುದ್ದೆ, ಸೊಪ್ಪಿನ ಸಾರು ಮುಚ್ಚಿಟ್ಟಿದ್ದೇನೆ. ಮಾತ್ರೆ ಊಟದ ನಂತರ.

ನಕಲು ಮಾಡುವಾಗ ಪ್ಲೇಯರಿನ ರೆಕಾರ್ಡಿಂಗ್ ಫೋಲ್ಡರೂ ತೆರೆಯಿತು. ನಿಮ್ಮ ದನಿಯ ಹದಿನಾಲ್ಕು ಫೈಲು. ಕೇಳಬಾರದಿತ್ತೇನೋ, ಕೇಳಿದೆ. "ಬಾಯಿ ಬಿಡೋದೇ ಇಲ್ವಲ್ರೀ, ಹಿಂಗಾದ್ರೆ ಮಾತು ಹೆಂಗೆ ಬರುತ್ತೆ" ಅಂತ ತಿಂಗಳಿಡೀ ಬೈದೆನಲ್ಲ, ನಾನು ಶಾಲೆಗೆ ಹೋದ ಮೇಲೆ ನೀವು ಒಬ್ಬರೇ ಕೂತು ಅಭ್ಯಾಸ ಮಾಡಿದ್ದೀರಿ. ಮೊದಲನೆಯದರಲ್ಲಿ "ರ" ದಾಟುವುದಕ್ಕೇ ಆಗಿಲ್ಲ. ಮೊನ್ನೆಯದರಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ ದನಿಯಲ್ಲೇ ರಸಪುರಿ, ಬಾದಾಮಿ, ಮಲ್ಲಿಕಾ, ಮೂರನ್ನೂ ಕೂಗಿದ್ದೀರಿ. ಅದನ್ನೇ ಇನ್ನೊಂದು ಸಲ ಹಾಕಿ ಕೇಳಿದೆ. ನಾನು ಬೈದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ಸಂಜೆ ಗೌನಿಪಲ್ಲಿ ಬಸ್ಸಿಗೆ ಬಂದು ಬಾಗಿಲು ತಟ್ಟುತ್ತೇನೆ. ಒಳಗಿನಿಂದಲೇ "ಯಾರು" ಅಂತ ಕೇಳಿ. ಎಷ್ಟು ಹೊತ್ತಾದರೂ ಸರಿ, ನಿಂತಿರುತ್ತೇನೆ.

ಸುನಂದ