ಎಂಟು ನೀಲಿ ಮುಚ್ಚಳಗಳು

ಬುಧವಾರ, ಸಂಜೆ

ನನ್ನ ಹಟಮಾರಿ ಅಕ್ಕಾ,

ಫೋನ್ ಮಾಡಿದರೆ ಎತ್ತುವುದಿಲ್ಲ. ಬಾಗಿಲು ತಟ್ಟಿದರೆ ನಿನ್ನ ಅತ್ತೆ "ಮಲಗಿದ್ದಾಳೆ" ಅನ್ನುತ್ತಾರೆ, ಒಳಗೆ ನೀನು ಪಾತ್ರೆ ಉಜ್ಜುವ ಸದ್ದು ನನಗೆ ಕೇಳುತ್ತಿರುತ್ತದೆ. ಅದಕ್ಕೇ ಈ ಕಾಗದ. ನಮ್ಮ ಲಾಂಡ್ರಿಯ ಇಸ್ತ್ರಿ ಚಿಕ್ಕಮ್ಮ ನಿನ್ನ ಕೈಗೇ ಕೊಡುತ್ತಾಳೆ. ಹರಿಯುವುದಾದರೆ ಓದಿ ಆಮೇಲೆ ಹರಿ.

ನೀನು ಅವಳ ಹತ್ತಿರ ಹೇಳಿ ಕಳಿಸಿದ ಮಾತು ಮುಟ್ಟಿತು. "ಏಳು ಜನರದ್ದು ತಪ್ಪು ಅಂತ ಆಯ್ತಲ್ಲ, ಹಾಗಾದ್ರೆ ನಂದೂ ತಪ್ಪೇ. ಆ ಟೆಸ್ಟಿನ ಮಿಷಿನ್ನೇ ಕೆಟ್ಟಿದೆ ಅಂತ ಹೇಳು, ಆ ಕರಪತ್ರದ ಪಂಡಿತೆಗೆ." ಪಂಡಿತೆ ಕೇಳಿಸಿಕೊಂಡಳು. ಒಗೆದ ಚಾದರಗಳ ರಾಶಿಯ ಹಿಂದೆ ಹೋಗಿ ಅತ್ತಳು. ಈಗ ಉತ್ತರ ಬರೆಯುತ್ತಿದ್ದಾಳೆ.

ಮಿಷಿನ್ ಕೆಟ್ಟಿದೆಯಾ, ಅಕ್ಕಾ? ಆ ದಿನ ನಾನು ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತು, ನಾಚಿಕೆಯೇ ನಮ್ಮ ಮೊದಲ ಶತ್ರು ಎಂದು ಅರಚುತ್ತಿದ್ದೆ. ಗರ್ಭಕಂಠದ ಕ್ಯಾನ್ಸರ್ ಬರುವುದಕ್ಕೆ ವರ್ಷಗಳ ಮುಂಚೆಯೇ ಅದಕ್ಕೆ ದಾರಿ ಮಾಡುವ ಎಚ್‌ಪಿವಿ ವೈರಸನ್ನು ಈ ಟೆಸ್ಟ್ ಹಿಡಿಯುತ್ತದೆ, ನಮ್ಮ ಕೈಯಾರೆ ನಾವೇ ಕಡ್ಡಿಯಲ್ಲಿ ಮಾದರಿ ತೆಗೆದು ಟ್ಯೂಬಿಗೆ ಹಾಕಿದರೆ ಸಾಕು ಎಂದು. ನಮ್ಮ ಲಾಂಡ್ರಿಯಲ್ಲಿ ಹೆಂಗಸರಿಗೆ ಇರುವುದು ಒಂದೇ ಬಚ್ಚಲು, ಅದಕ್ಕೂ ಚಿಲಕವಿಲ್ಲ, ಮೇಸ್ತ್ರಿ ಬೇಕೆಂದೇ ಅದರ ಮುಂದೆ ಅಡ್ಡಾಡುತ್ತಾನೆ. ಯಾರಿಗೂ ಧೈರ್ಯ ಬರಲಿಲ್ಲ. ಆಗ ನೀನು ನಿನ್ನ ಉದ್ದ ಕಾಲು ಚಾಚಿ ತೋರಿಸಿದೆ. "ಕೊಡ್ರೇ ಎಲ್ಲಾ ಇಲ್ಲಿ. ನಾನು ಒಳಗಿಂದ್ಲೇ ಬಾಗ್ಲು ಒದ್ದು ಹಿಡ್ಕೋತೀನಿ. ಮೂರು ಹೆತ್ತೋಳಿಗೆ ಏನ್ರೇ ನಾಚಿಕೆ? ಯಾರದ್ದಾದ್ರೇನು, ಎಲ್ಲಾ ಹೆಂಗಸ್ರದ್ದೂ ಒಂದೇ ತಾನೇ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನು ಎಂಟು ನೀಲಿ ಮುಚ್ಚಳದ ಟ್ಯೂಬುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದೆ, ಎಂಟನ್ನೂ ನೀನೇ ತುಂಬಿಕೊಂಡು ಬಂದೆ. ಅವುಗಳಲ್ಲಿ ಒಂದು ನನ್ನ ಹೆಸರಿನದು. ಹೌದು, ಬಕೆಟ್ ಮೇಲೆ ನಿಂತವಳದ್ದು. ಬಾಯಿಯಲ್ಲಿದ್ದ ಧೈರ್ಯ ಕೈಗೆ ಇಳಿಯಲಿಲ್ಲ.

ಎಂಟೂ ಪಾಸಿಟಿವ್ ಬಂತು. ಎಂಟರಲ್ಲೂ ಒಂದೇ ಜಾತಿಯ ವೈರಸ್, ಹದಿನಾರನೇ ನಂಬರಿನದು, ಅಂಥವುಗಳಲ್ಲೇ ಅತಿ ಕೆಟ್ಟದ್ದು. ನರ್ಸಮ್ಮ ಹುಬ್ಬು ಹಾರಿಸಿ "ಏನ್ರಮ್ಮಾ, ಎಂಟು ಜನಕ್ಕೂ ಒಂದೇ ಅಚ್ಚಾ?" ಎಂದು ಕೇಳಿದರು. ಮತ್ತೆ ಕೊಡಿ ಎಂದರು. ಈ ಸಲ ಆಸ್ಪತ್ರೆಯಲ್ಲಿ, ಚಿಲಕವಿರುವ ಕೋಣೆಯಲ್ಲಿ ಒಬ್ಬೊಬ್ಬರಾಗಿ ಏಳು ಜನ ಕೊಟ್ಟೆವು. ಏಳೂ ನೆಗೆಟಿವ್ ಬಂತು. ನೀನು ಬರಲಿಲ್ಲ.

ಆದ್ದರಿಂದ ಮಿಷಿನ್ ಸುಳ್ಳು ಹೇಳಲಿಲ್ಲ. ನಿನ್ನೊಬ್ಬಳ ಬಗ್ಗೆಯೇ ಎಂಟು ಸಲ ಕೇಳಿದೆವು, ಎಂಟು ಸಲವೂ ಒಂದೇ ಉತ್ತರ ಕೊಟ್ಟಿತು. ಆ ಟೆಸ್ಟ್ ತಪ್ಪುವುದೇ ಇಲ್ಲ ಎಂದು ನಾನು ಅರಚಿದ್ದು ಅತಿಯಾಯಿತು. ಎಲ್ಲ ಟೆಸ್ಟಿನ ಹಾಗೆ ಇದೂ ಆಗೊಮ್ಮೆ ಈಗೊಮ್ಮೆ ತಪ್ಪುತ್ತದೆ. ಆದರೆ ಎಂಟು ಸಲವೂ ಒಂದೇ ಥರ ತಪ್ಪುತ್ತದೆಯೇ? ಲೋಕದಲ್ಲಿ ಇನ್ಯಾವ ಹೆಂಗಸಿಗೂ ಇಷ್ಟು ಖಚಿತವಾಗಿ ಯಾರೂ ಹೇಳಿರಲಾರರು.

ಹೇಳಿದ್ದು ಏನು? ವೈರಸ್ ಇದೆ ಎಂದು, ಅಷ್ಟೇ. ಕ್ಯಾನ್ಸರ್ ಇದೆ ಎಂದಲ್ಲ. ಪಾಸಿಟಿವ್ ಬಂದ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಒಳಗೆ ಒಮ್ಮೆ ನೋಡಲೇಬೇಕು. ಶುಕ್ರವಾರ ಡಾಕ್ಟರಮ್ಮ ಬರುತ್ತಾರೆ, ಭೂತಗನ್ನಡಿ ಇಟ್ಟು ನೋಡುತ್ತಾರೆ. ಕೆಡಲು ಶುರುವಾದ ಜಾಗ ಕಂಡರೂ ಈಗಲಾದರೆ ಚಿಕ್ಕ ಚಿಕಿತ್ಸೆಯಲ್ಲಿ ಮುಗಿಯುತ್ತದೆ. ತಡವಾದರೆ ಏನೆಂದು ನನ್ನ ಕರಪತ್ರದಲ್ಲಿದೆ. ಬರೆಯಲು ಹೋದರೆ ಪೆನ್ನು ನಿಲ್ಲುತ್ತದೆ.

ಭಾವ "ಇದು ಯಾರಿಂದ ಬಂತು?" ಎಂದು ಕೇಳಿದರಂತೆ. ಈ ವೈರಸ್ ಎಷ್ಟೋ ವರ್ಷ ಸದ್ದಿಲ್ಲದೆ ಮೈಯಲ್ಲಿ ಕೂತಿರುತ್ತದೆ ಎಂದು ಅವರಿಗೆ ಹೇಳು. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಡಾಕ್ಟರೂ ಹೇಳಲಾರರು. ಅದು ಯಾರ ನಡತೆಗೂ ಸಾಕ್ಷಿಯಲ್ಲ. ನಂಬದಿದ್ದರೆ ಕರೆದುಕೊಂಡು ಬಾ, ನಾನೇ ಹೇಳುತ್ತೇನೆ, ಬಕೆಟ್ ಮೇಲೆ ನಿಂತು.

ತಿಂಗಳ ಮುಟ್ಟು ಮುಗಿದು ಎಷ್ಟೋ ದಿನವಾದ ಮೇಲೂ ನೀನು ಬಟ್ಟೆ ಬದಲಿಸುತ್ತಿದ್ದುದನ್ನು ನೋಡಿದ್ದೇನೆ. ದಿನವೆಲ್ಲ ಊರವರ ಕಲೆ ತೆಗೆಯುವ ನನ್ನಿಂದ ನೀನು ಕಲೆ ಮುಚ್ಚಿಡಬಲ್ಲೆಯಾ? ನಿನ್ನ ಚಿಕ್ಕ ಮಗಳು ಬೆಳಿಗ್ಗೆ ಶಾಲೆಗೆ ಹೋಗುವಾಗ ಸಿಕ್ಕಿದ್ದಳು. ಜಡೆ ಸೊಟ್ಟವಾಗಿತ್ತು. "ಅಮ್ಮಂಗೆ ನಿಂತ್ಕೊಳ್ಳೋಕೆ ಆಗಲ್ಲ ಚಿಕ್ಕಿ, ನಾನೇ ಹಾಕ್ಕೊಂಡೆ" ಎಂದಳು. ಬಾ ಅಕ್ಕಾ. ಕಾಲಿಗೆ ಬೀಳು ಎಂದರೆ ಬೀಳುತ್ತೇನೆ. ಇನ್ನು ಮುಂದೆ ಭಾಷಣ ಮಾಡಬೇಡ ಎಂದರೆ ಬಾಯಿ ಹೊಲಿದುಕೊಳ್ಳುತ್ತೇನೆ. ಬಾ.

ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿರುತ್ತೇನೆ.

ನೀನು ಹೊಡೆದರೂ ಹಿಂದೆ ಬರುವ
ನಿನ್ನ ಬಾಲ

ಮರೆತ ಮಾತು: ಕಾಗದವನ್ನು ಮತ್ತೆ ಓದಿದೆ. ನಿನ್ನ ಸಲುವಾಗಿ ನೀನು ಬರುವುದಿಲ್ಲ ಎಂದು ಗೊತ್ತಾಯಿತು, ನೀನು ಅಂಥವಳಲ್ಲ. ಮೇಲೆ ಏಳೂ ನೆಗೆಟಿವ್ ಎಂದು ಬರೆದದ್ದು ಸುಳ್ಳು. ಆರು. ಏಳನೆಯದು ನನ್ನದು. ಅಮ್ಮನಿಗೆ ಹೇಳಬೇಡ, ಮದುವೆಯಾಗದ ಮಗಳಿಗೆ ಇದು ಹೇಗೆ ಎಂದು ಕೇಳುತ್ತಾಳೆ. ಶುಕ್ರವಾರ ನನ್ನನ್ನೂ ಒಳಗೆ ಕರೆಯುತ್ತಾರೆ. ನನಗೆ ತುಂಬಾ ಭಯ, ಅಕ್ಕಾ. ಬಂದು ಬಾಗಿಲಿಗೆ ಕಾಲು ಕೊಟ್ಟು ನಿಲ್ಲು.